ಎರಡು ಪ್ರತಿಗಳನ್ನು ತಾಳೆನೋಡುವ ಬಗೆ

ಪ್ರಯೋಗಶಾಲೆಯಲ್ಲಿ ದೊರೆತ ಅಳತೆಗಳನ್ನು ವಿದ್ಯಾರ್ಥಿಯೊಬ್ಬನು ಕಾಲೇಜಿನ ಕಂಪ್ಯೂಟರಿನ ಫೋಲ್ಡರೊಂದರಲ್ಲಿಟ್ಟು, ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮನೆಗೊಯ್ದನೆಂದು ಭಾವಿಸೋಣ. ಎರಡೆಡೆಗಳಲ್ಲಿಯೂ ತಿದ್ದುಪಡಿಗಳು ನಡೆಯುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಯಾವ ಪ್ರತಿ ಹೊಸದು, ಯಾವುದು ಹಳೆಯದು ಎಂಬುದು ಅವನಿಗೇ ತಿಳಿಯದಾಗುತ್ತದೆ. ಇವೆರಡನ್ನೂ ಸರಿಹೊಂದಿಸುವ ಕೆಲಸವನ್ನು ಫೈಲುಗಳನ್ನು ನಿರ್ವಹಿಸುವ ತಂತ್ರಾಂಶಕ್ಕೆ ಒಪ್ಪಿಸಬಹುದು. ಆದರೆ ಅದು ಯಾವ ಆಧಾರದಿಂದ ತೀರ್ಪು ಕೊಡುತ್ತದೆಂಬುದನ್ನು ಮೊದಲು ಅರಿಯಬೇಕು.

'ಟೋಟಲ್ ಕಮ್ಯಾಂಡರ್' ಎಂಬುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಗಿಸ್ಲರ್ ಎಂಬವರು ರಚಿಸಿದ ಇದು 1993ರಲ್ಲಿ 'ವಿಂಡೋಸ್ ಕಮ್ಯಾಂಡರ್' ಎಂಬ ಹೆಸರಿನಿಂದ ಹೊರಬಂದು, 2002ರಲ್ಲಿ ಈಗಿನ ಹೆಸರನ್ನು ಪಡೆಯಿತು. ಪರದೆಯಲ್ಲಿ ಎರಡು ಫೋಲ್ಡರುಗಳು ಅಕ್ಕಪಕ್ಕದಲ್ಲಿ ತೆರೆದಿರುತ್ತವೆ. 'ಸಿಂಕ್ರೊನೈಸ್ ಡೈರ್ಸ್' ಎಂಬ ಆಜ್ಞೆಯನ್ನು ಕೊಟ್ಟು 'ಕಂಪೇರ್' ಗುಂಡಿಯನ್ನೊತ್ತಿದರೆ, ಒಂದೇ ಹೆಸರಿನ ಫೈಲುಗಳ ಗಾತ್ರವನ್ನೂ ಕೊನೆಯ ತಿದ್ದುಪಡಿಯ ಕಾಲವನ್ನೂ ಅದು ಹೋಲಿಸುತ್ತದೆ. ಎಡದ್ದು ಹೊಸದಾಗಿದ್ದರೆ ಬಲಕ್ಕೆ, ಬಲದ್ದು ಹೊಸದಾಗಿದ್ದರೆ ಎಡಕ್ಕೆ ಬಾಣದ ಗುರುತು ಮೂಡುತ್ತದೆ. ಇಷ್ಟರವರೆಗೆ ಯಾವ ಫೈಲೂ ಕದಲಿಲ್ಲ. ನಕಲಾಗುವುದು ಎರಡನೆಯ ಗುಂಡಿಯನ್ನೊತ್ತಿದ ಮೇಲೆ. ನಡುವೆ ಬಾಣಗಳನ್ನು ನಾವು ತಿರುಗಿಸಲೂಬಹುದು.

ಹೊಸದು ಹಳೆಯದೆಂಬ ತೀರ್ಮಾನವೆಲ್ಲ ಗಡಿಯಾರವನ್ನು ನಂಬಿದೆ. ಯಾವುದೇ ಉಪಕರಣದಂತೆ ಇಲ್ಲಿಯೂ ಅಳತೆಯ ಸೂಕ್ಷ್ಮತೆಗೆ ಒಂದು ಮಿತಿಯುಂಟು. ಅನೇಕ ಪೆನ್‌ಡ್ರೈವುಗಳಲ್ಲಿರುವ 'ಫ್ಯಾಟ್-32' ವ್ಯವಸ್ಥೆಯಲ್ಲಿ ತಿದ್ದುಪಡಿಯ ಕಾಲದ ಸೆಕೆಂಡುಗಳಿಗಾಗಿ 5 ಬಿಟ್‌ಗಳಷ್ಟೇ ಸ್ಥಳವಿದೆ. 5 ಬಿಟ್‌ಗಳಲ್ಲಿ 32 ಸಂಖ್ಯೆಗಳನ್ನು ಬರೆಯಬಹುದು, 60 ಹಿಡಿಸದು. ಆದುದರಿಂದ ಅಲ್ಲಿ ಕಾಲವು ಎರಡೆರಡು ಸೆಕೆಂಡುಗಳ ಹೆಜ್ಜೆಯಿಡುತ್ತದೆ. ವಿಂಡೋಸಿನ 'ಎನ್‌ಟಿಎಫ್‌ಎಸ್' ವ್ಯವಸ್ಥೆಯ ಹೆಜ್ಜೆಯಾದರೋ ಸೆಕೆಂಡಿನ ಕೋಟಿಯಲ್ಲೊಂದು ಅಂಶ! ಒಂದೇ ಫೈಲಿನ ಎರಡು ಪ್ರತಿಗಳ ಕಾಲ ಒಂದೆರಡು ಸೆಕೆಂಡು ಬೇರೆಯಾಗಿ ಕಂಡರೆ ಬೆದರಬೇಕಾಗಿಲ್ಲ.

ಗಡಿಯಾರವೇ ಕೆಟ್ಟರೆ ಮಾತು ಬೇರೆ. ನಮ್ಮ ಪ್ರಯೋಗಶಾಲೆಯ ಹಳೆಯ ಕಂಪ್ಯೂಟರೊಂದರ ಒಳಗಿನ ಪುಟ್ಟ ಬ್ಯಾಟರಿ ಬರಿದಾಗಿ, ಅದರ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಅಂದು ಬೆಳಗ್ಗೆ ತಾನೇ ದಾಖಲಿಸಿದ ಅಳತೆಗಳು 'ಹಳೆಯವು' ಎನಿಸಿಕೊಂಡು, ಪೆನ್‌ಡ್ರೈವಿನಲ್ಲಿದ್ದ ಹಿಂದಿನ ವಾರದ ಪ್ರತಿ ಅವುಗಳ ಸ್ಥಾನವನ್ನು ಆಕ್ರಮಿಸಿತು. ಬಾಣಗಳನ್ನು ನೋಡದೆ ಗುಂಡಿಯೊತ್ತಿದವರು ನಾವೇ. ಮೂವರು ವಿದ್ಯಾರ್ಥಿಗಳು ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು. ಸಂಶಯವಿದ್ದಲ್ಲಿ 'ಬೈ ಕಂಟೆಂಟ್' ಎಂಬ ಆಯ್ಕೆಯಿಂದ ಒಳಗಿನ ಬರಹವನ್ನೇ ಹೋಲಿಸಬಹುದು. ಇದು ನಿಧಾನ, ಭೇದವಿದೆಯೇ ಎಂಬುದು ಖಚಿತವಾಗುತ್ತದೆ, ಯಾವುದು ಸರಿಯೆಂಬುದನ್ನು ನಾವೇ ಹೇಳಬೇಕು.

ಇನ್ನೊಂದು ತೊಡಕಿದೆ. ಬಲದಲ್ಲಿರುವ ಫೈಲು ಎಡದಲ್ಲಿಲ್ಲವೆನ್ನೋಣ. ಅದನ್ನು ಎಡದಲ್ಲಿ ಅಳಿಸಿದ್ದೇ, ಬಲದಲ್ಲಿ ಹೊಸದಾಗಿ ಬರೆದದ್ದೇ? ಈ ಗಳಿಗೆಯ ಎರಡು ಪಟ್ಟಿಗಳನ್ನಷ್ಟೇ ನೋಡಿದರೆ ಇದು ತಿಳಿಯುವಂತಿಲ್ಲ. ಸಾಮಾನ್ಯ ಕ್ರಮದಲ್ಲಿ ತಂತ್ರಾಂಶವು ಅದನ್ನು ಎಡಕ್ಕೆ ನಕಲಿಸುತ್ತದೆ. ಬೇಡವೆಂದು ಅಳಿಸಿದ್ದು ಮರಳಿ ಬರುತ್ತದೆ. 'ಅಸಿಮೆಟ್ರಿಕ್' ಆಯ್ಕೆಯಲ್ಲಿ ಬಲವು ಎಡದ ಪಡಿಯಚ್ಚಾಗಬೇಕಾದುದರಿಂದ, ಅದನ್ನು ಬಲದಲ್ಲಿಯೂ ಅಳಿಸುತ್ತದೆ. ಕೈತಪ್ಪಿ ಅಳಿಸಿದ ಫೈಲು ಹೀಗೆ ಎರಡೂ ಕಡೆ ಇಲ್ಲವಾಗುವುದು. ಪಡಿಯಚ್ಚನ್ನೇ ಮೀಸಲು ಪ್ರತಿಯೆಂದು ತಿಳಿದು ನೆಮ್ಮದಿಯಿಂದಿರುವವರು ಬಹಳ.

ಸರಿಹೊಂದಿಸಿದ ಜೋಡಿಯ ಹೊರತಾಗಿ, ವಾರಕ್ಕೊಮ್ಮೆ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲಿಸಿ, ಅಂದಿನ ದಿನಾಂಕವನ್ನೇ ಹೆಸರಾಗಿಟ್ಟು, ಡಿಸ್ಕನ್ನು ಕಳಚಿಡುವುದು ಈಗ ನಮ್ಮ ರೂಢಿ. ಹಿಂದಿನ ವಾರದ್ದನ್ನು ಅಳಿಸುವುದಿಲ್ಲ. ಆಗಾಗ ಅದರಿಂದ ಒಂದೆರಡು ಫೈಲುಗಳನ್ನು ತೆರೆದು ಓದಿ ನೋಡುವುದೂ ಉಂಟು.