ಖಾನಾವಳಿಯೋ, ಮಿರ್ಚಿ ಬಂಡಿಯೋ? ದಂಪತಿಗಳ ಹೊರಗಿನ ಊಟ

ಹೋಟೆಲ್ ಊಟವೆಂದರೆ ದೊಡ್ಡ ಪಟ್ಟಣದವರ ಶೋಕಿ ಎನ್ನುವ ಕಾಲ ಹೋಯಿತು. ಯಾದಗಿರಿ, ಶಹಾಪುರ, ಸುರಪುರದಂತಹ ಊರುಗಳಲ್ಲೂ ಗಂಡ ಹೆಂಡತಿ ವಾರಕ್ಕೆ ಎರಡು ಮೂರು ಸಲ ಹೊರಗೆ ತಿನ್ನುವುದುಂಟು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ತಾಲೂಕುಗಳಿಂದ ಅಲ್ಲಿಗೆ ಕಚೇರಿ ಕೆಲಸಕ್ಕೆ ಬಂದವರು ಮಧ್ಯಾಹ್ನದ ಊಟವನ್ನು ಅಲ್ಲೇ ಮುಗಿಸಬೇಕಾಗುತ್ತದೆ. ಸಂತೆ, ಆಸ್ಪತ್ರೆ, ಮದುವೆಯ ಜವಳಿ ಹೀಗೆ ಕಾರಣಗಳು ಹಲವು. ಮನೆಯಾಕೆಗೆ ಒಂದು ಹೊತ್ತಾದರೂ ಒಲೆಯಿಂದ ಬಿಡುವು ಸಿಗುತ್ತದೆ ಎಂಬುದೂ ಸಣ್ಣ ಕಾರಣವಲ್ಲ. ಆದ್ದರಿಂದ ‘ಹೊರಗೆ ತಿನ್ನಲೇಬೇಡಿ’ ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಯಾರು, ಏನನ್ನು, ಎಷ್ಟು ತಿನ್ನಬೇಕು ಎಂದು ತಿಳಿದುಕೊಳ್ಳುವುದು ಮೇಲು.

ಒಂದು ಉದಾಹರಣೆ ನೋಡೋಣ. ಗಂಡನಿಗೆ ಐವತ್ತು ವರ್ಷ, ಸಕ್ಕರೆ ಕಾಯಿಲೆ ಮತ್ತು ರಕ್ತದ ಏರೊತ್ತಡ ಎರಡೂ ಇವೆ. ಹೆಂಡತಿಗೆ ನಲವತ್ತೆರಡು, ರಕ್ತಹೀನತೆಯಿಂದಾಗಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೋಟೆಲಿನಲ್ಲಿ ಗಂಡ ತನಗೆ ಬೇಕಾದ್ದನ್ನು ಹೇಳುತ್ತಾನೆ. ಹೆಂಡತಿಯನ್ನು ಕೇಳಿದರೆ, ‘ನಿಮಗ ಏನ್ ಹೇಳೀರಿ, ನನಗೂ ಅದೇ ಸಾಕ್ರಿ’ ಎನ್ನುತ್ತಾಳೆ. ತಪ್ಪಾಗುವುದು ಇಲ್ಲಿಯೇ. ಟೇಬಲ್ ಒಂದೇ ಆದರೂ ದೇಹಗಳು ಎರಡು, ಅವುಗಳ ಅಗತ್ಯಗಳೂ ಬೇರೆ ಬೇರೆ.

ಇಂತಹ ದಂಪತಿಗಳು ಅಪರೂಪವಲ್ಲ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿದ್ದಾರೆ.

ಖಾನಾವಳಿಯ ತಾಟು

ಈ ಭಾಗದವರ ಅದೃಷ್ಟವೆಂದರೆ, ಒಳ್ಳೆಯ ಊಟವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಾಧಾರಣ ಖಾನಾವಳಿಯ ಊಟವನ್ನೇ ಗಮನಿಸಿ: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಹೆಸರುಕಾಳಿನ ಅಥವಾ ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ, ಐದು ಗ್ರಾಂ ಸಸಾರಜನಕ ಮತ್ತು ಸಾಕಷ್ಟು ನಾರಿನಂಶ ಇರುತ್ತವೆ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆ ಕಾಳುಗಳಲ್ಲಿ ಅದು ಹೇರಳವಾಗಿರುವುದರಿಂದ ರೊಟ್ಟಿ ಮತ್ತು ಕಾಳುಪಲ್ಯ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಆದರೆ ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ. ಜೋಳದಲ್ಲೂ ಪಿಷ್ಟವಿದೆ. ಎರಡು ರೊಟ್ಟಿಯಾದ ಮೇಲೆ ಮತ್ತೆ ತಾಟಿನ ತುಂಬ ಅನ್ನ ಸಾರು ಉಂಡರೆ ರೊಟ್ಟಿಯ ಲಾಭ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರು ಅನ್ನದ ಬದಲು ಪಲ್ಯವನ್ನೇ ಇನ್ನೊಮ್ಮೆ ಬಡಿಸಿಕೊಳ್ಳಲಿ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿ, ಹೋಳನ್ನು ಮಾತ್ರ ತಿನ್ನಬಹುದು.

ಸಂಜೆಯ ಮಿರ್ಚಿ, ಸುಸಲಾ

ತೊಂದರೆ ಹೆಚ್ಚಾಗಿ ಊಟದಿಂದ ಬರುವುದಲ್ಲ. ‘ಊಟವಲ್ಲ, ಬರೀ ನಾಷ್ಟಾ’ ಎಂದು ಲೆಕ್ಕಕ್ಕೇ ಹಿಡಿಯದೆ ತಿನ್ನುವ ಪದಾರ್ಥಗಳಿಂದ ಬರುವುದು. ಸುಸಲಾ, ಅದರ ಜೊತೆ ಎರಡು ಮಿರ್ಚಿ ಭಜಿ, ಮೇಲೆ ಚಹಾ. ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ, ಅಂದರೆ ನಾಲ್ಕರಿಂದ ಆರು ಟೀ ಚಮಚ ಅಡುಗೆ ಎಣ್ಣೆ ಸಾಕು. ಕಡಲೆಹಿಟ್ಟಿನಲ್ಲಿ ಮುಳುಗಿಸಿ ಕರಿದ ಭಜಿ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿ ಎಂಬುದು ನೆನಪಿರಲಿ.

ಪದೇ ಪದೇ ಕಾಯಿಸಿದ ಎಣ್ಣೆ ಇನ್ನಷ್ಟು ಕೆಟ್ಟದ್ದು. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಮತ್ತು ಹೊಗೆ ಕಾರುತ್ತಿದ್ದರೆ ಆ ಬಂಡಿಯ ಹತ್ತಿರ ನಿಲ್ಲಬೇಡಿ. ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಗ್ರಾಹಕನ ಕೈಯಲ್ಲಿ ಅಳೆಯುವ ಸಾಧನವಿಲ್ಲ, ಕಣ್ಣು ಮೂಗುಗಳೇ ಅವನ ಸಾಧನ. ಭಜಿಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳುವುದೂ ಬೇಡ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಬೇಗ ಅಂಟುತ್ತದೆ. ಗೋಬಿ ಮಂಚೂರಿ ಕಣ್ಣು ಕುಕ್ಕುವಷ್ಟು ಕೆಂಪಗಿದ್ದರೆ ಅದನ್ನೂ ಬಿಡಿ. ಅದರಲ್ಲಿ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ.

ಅಡಗಿರುವ ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಹೋಟೆಲಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಹಿಂಡಿ, ಮಸಾಲೆ ಮಜ್ಜಿಗೆ ಇವೆಲ್ಲ ಉಪ್ಪಿನ ಮೂಲಗಳು. ಭಜಿ ಹಗುರಾಗಲೆಂದು ಹಿಟ್ಟಿಗೆ ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಅದು ನಾಲಿಗೆಗೆ ಉಪ್ಪೆನಿಸದಿದ್ದರೂ ರಕ್ತದ ಒತ್ತಡವನ್ನು ಏರಿಸಬಲ್ಲದು. ಒತ್ತಡವಿರುವವರು ಉಪ್ಪಿನಕಾಯಿ, ಹಪ್ಪಳಗಳನ್ನು ಬಡಿಸುವಾಗಲೇ ಬೇಡವೆನ್ನಬೇಕು. ತಾಟಿಗೆ ಬಿದ್ದ ಮೇಲೆ ಬಿಡುವುದು ಕಷ್ಟ.

ಅವನಿಗೆ ಗುಳಿಗೆ, ಅವಳಿಗೆ ನಿಂಬೆಹಣ್ಣು

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲೇ ಅದನ್ನು ಮುಗಿಸಿ ಹೋಟೆಲಿಗೆ ಹೊರಡುವುದುಂಟು. ಬಸ್ಸು ತಡವಾಗಿ, ಹೋಟೆಲಿನಲ್ಲೂ ಕಾಯಬೇಕಾಗಿ ಬಂದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ, ತಬ್ಬಿಬ್ಬಾದ ಮಾತು ಇದರ ಲಕ್ಷಣಗಳು. ಪ್ರಜ್ಞೆ ಇದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಈ ಲಕ್ಷಣಗಳು ಹೆಂಡತಿಗೂ ತಿಳಿದಿರಬೇಕು. ಹೊರಗೆ ಉಣ್ಣುವ ದಿನ ಔಷಧಿಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಂಡತಿಗೆ ಬೇಕಾದದ್ದು ಕಬ್ಬಿಣದ ಅಂಶ. ಕಾಳುಪಲ್ಯ, ಸೊಪ್ಪಿನ ಪಲ್ಯಗಳಲ್ಲಿ ಅದು ಇದ್ದರೂ ದೇಹ ಹೀರಿಕೊಳ್ಳುವುದು ಕಡಿಮೆ. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ‘ಸಿ’ ಜೀವಸತ್ವ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧ ಕೆಲಸ ಮಾಡುತ್ತದೆ; ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ. ಆದರೆ ರಕ್ತಹೀನತೆ ಊಟವೊಂದರಿಂದಲೇ ಗುಣವಾಗುವುದಿಲ್ಲ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣದ ಗುಳಿಗೆ ಬೇಕು. ಮುಟ್ಟಿನ ಸ್ರಾವ ಅತಿಯಾಗಿದ್ದರೆ ಸಂಕೋಚಪಡದೆ ತೋರಿಸಿಕೊಳ್ಳಬೇಕು.

ನೀರು ಮತ್ತು ಬಿಸಿಲು

ಸುಸಲಾಕ್ಕೆ ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆಯಲ್ಲಿ ಒಂದಿಷ್ಟು ಕೈಯಾಡಿಸುತ್ತಾರೆ. ಆ ನೀರು ಶುದ್ಧವಿಲ್ಲದಿದ್ದರೆ ಆ ಅಲ್ಪ ಶಾಖಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಚಟ್ನಿಗಂತೂ ಶಾಖವೇ ಇಲ್ಲ. ಬೇಸಿಗೆಯಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಂತಹ ಸೆಖೆಯಲ್ಲಿ ಬೇಯಿಸಿಟ್ಟ ಅನ್ನ, ಪಲ್ಯ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಅಪಾಯ. ಕೆಲವು ರೋಗಾಣುಗಳು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ಯಾದಗಿರಿ ಜಿಲ್ಲೆಯ ಕೆಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಮನೆಯಿಂದ ಶುದ್ಧ ನೀರಿನ ಬಾಟಲಿ ಒಯ್ಯುವುದು ಸುಲಭದ ಉಪಾಯ.

ನೆನಪಿನಲ್ಲಿಡಿ

1. ಮಧ್ಯಾಹ್ನ ಹೊರಗೆ ಉಣ್ಣುವುದಾದರೆ ರೊಟ್ಟಿ, ಕಾಳುಪಲ್ಯದ ಊಟವನ್ನೇ ಆರಿಸಿ.

2. ಕರಿದದ್ದು ಬೇಕೇ ಎನಿಸಿದರೆ ವಾರಕ್ಕೊಮ್ಮೆ, ಇಬ್ಬರ ನಡುವೆ ಒಂದು ಪ್ಲೇಟ್ ಸಾಕು. ಅಂದು ಮನೆಯಡುಗೆಯಲ್ಲಿ ಎಣ್ಣೆ ಕಡಿಮೆ ಮಾಡಿ.

3. ಜನ ಹೆಚ್ಚು ಬರುವ, ಆಗಾಗ್ಗೆ ಬಿಸಿಯಾಗಿ ಮಾಡಿ ಬಡಿಸುವ ಜಾಗ ಹುಡುಕಿ.

4. ಚಹಾಕ್ಕೆ ಸಕ್ಕರೆ ಹಾಕುವ ಮೊದಲೇ ಹೇಳಿ.

5. ಊಟದ ನಂತರ ಇಬ್ಬರೂ ಹತ್ತು ಹದಿನೈದು ನಿಮಿಷ ನಡೆಯಿರಿ.

ಕೊನೆಯದಾಗಿ ಗಂಡಂದಿರಿಗೆ ಒಂದು ಮಾತು. ಹೋಟೆಲಿನ ಹುಡುಗ ಬಂದು ‘ಏನ್ ಕೊಡ್ಲಿರಿ’ ಎಂದಾಗ ಮೊದಲು ಹೆಂಡತಿ ಹೇಳಲಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಗೆ ಉಣ್ಣುವವಳು ಅವಳು. ಹೊರಗೆ ಉಣ್ಣುವ ದಿನವಾದರೂ ತನಗೆ ಬೇಕಾದ ಕಾಳುಪಲ್ಯ, ಮೊಸರು ಅವಳ ತಾಟಿಗೆ ಬಿಸಿಬಿಸಿಯಾಗಿ, ಹೊಟ್ಟೆ ತುಂಬುವಷ್ಟು ಬರಬೇಕು.