ಅಂಕಿಯೇನೋ ಬಂತು, ನಂಬುವುದು ಹೇಗೆ?

ಪೀಣ್ಯದ ಪಂಪ್ ಕಾರ್ಖಾನೆಯೊಂದರ ಟೆಸ್ಟ್ ವಿಭಾಗಕ್ಕೆ ಸೇರಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಟೆಸ್ಟ್ ಬೆಂಚಿಗೆ ಎನ್‌ಐ ಕಂಪನಿಯ ಯುಎಸ್‌ಬಿ-6009 ಮಾಡ್ಯೂಲ್ ಕೂರಿಸಿ, ಒತ್ತಡ, ತಾಪ, ಕಂಪನ ಎಲ್ಲವೂ ಲ್ಯಾಪ್‌ಟಾಪಿನಲ್ಲಿ ದಾಖಲಾಗುವಂತೆ ಮಾಡು ಅಂತ ನಿನಗೇ ಒಪ್ಪಿಸಿದ್ದಾರಂತೆ. ಸಂತೋಷ ಕಣಮ್ಮ. ಡೇಟಾ ಅಕ್ವಿಸಿಷನ್ ಎಂಬ ಉದ್ದ ಹೆಸರು ಹೊತ್ತ ಈ ಅಂಗೈಯಗಲದ ಡಬ್ಬಿ ನೋಡಲು ಬಡಪಾಯಿ, ಹೊಸಬರನ್ನು ಯಾಮಾರಿಸುವುದರಲ್ಲಿ ಮಾತ್ರ ಪಳಗಿದ್ದು. ಮ್ಯಾನ್ಯುಯಲ್ ನೀನೇ ಓದಿಕೊಳ್ಳುತ್ತೀಯ. ಅದರಲ್ಲಿದ್ದೂ ಯಾರ ಕಣ್ಣಿಗೂ ಬೀಳದ ಕೆಲವನ್ನು ಈ ಮಾವನ ಬಾಯಿಂದ ಕೇಳಿಸಿಕೋ.

ಈ ಡಬ್ಬಿಗೆ ‘ಗೊತ್ತಿಲ್ಲ’ ಅನ್ನಲು ಬರುವುದಿಲ್ಲ. ಕೇಳಿದಾಗಲೆಲ್ಲ ಒಂದು ಅಂಕಿ ಕೊಡುತ್ತದೆ. ಸೆನ್ಸರ್ ನೆಟ್ಟಗಿದ್ದರೂ ಕೊಡುತ್ತದೆ, ವೈರ್ ಕಿತ್ತುಹೋಗಿದ್ದರೂ ಕೊಡುತ್ತದೆ. ಏನನ್ನೂ ಜೋಡಿಸದ ಚಾನೆಲ್ಲನ್ನು ಸಿಂಗಲ್ ಎಂಡೆಡ್ ಆಗಿ, ಅಂದರೆ ಗ್ರೌಂಡಿಗೆ ಹೋಲಿಸಿ, ಓದಿ ನೋಡು. ಸೊನ್ನೆ ಬರಬೇಕು ಅಂದುಕೊಂಡಿರುತ್ತೀಯ, ಬರುವುದು ಸುಮಾರು 1.4 ವೋಲ್ಟ್. ಒಳಗೆ ಪ್ರತಿ ಇನ್‌ಪುಟ್ಟಿನ ಹಿಂದೆ 2.5 ವೋಲ್ಟಿನ ರೆಫರೆನ್ಸಿಗೂ ಗ್ರೌಂಡಿಗೂ ನಡುವೆ ರೆಸಿಸ್ಟರುಗಳ ಡಿವೈಡರ್ ಇದೆ, ಆ ನಡುವಿನ ವೋಲ್ಟೇಜೇ ಹೊರಗೆ ಕಾಣುವುದು. ನಿನ್ನ ಪ್ರೆಷರ್ ಟ್ರಾನ್ಸ್‌ಮಿಟರ್ 0ಯಿಂದ 10 ಬಾರಿಗೆ 1ರಿಂದ 5 ವೋಲ್ಟ್ ಕೊಡುವಂಥದ್ದು ಅಂತ ಇಟ್ಟುಕೋ. ವೈರ್ ಕಡಿದ ಕ್ಷಣ ಸ್ಕ್ರೀನಿನ ಮೇಲೆ ಬರುವ 1.4 ವೋಲ್ಟಿಗೆ ಲೆಕ್ಕ ಹಾಕು: ಸರಿಯಾಗಿ 1 ಬಾರ್! ಅಷ್ಟು ಮರ್ಯಾದಸ್ಥ ಅಂಕಿಯನ್ನು ಯಾರು ಅನುಮಾನಿಸುತ್ತಾರೆ?

ಕಾರ್ಖಾನೆಗಳಲ್ಲಿ 4ರಿಂದ 20 ಮಿಲಿಆಂಪಿನ ಟ್ರಾನ್ಸ್‌ಮಿಟರುಗಳು ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಇದಕ್ಕೇ. ಅಲ್ಲಿ ಒತ್ತಡ ಸೊನ್ನೆ ಇದ್ದಾಗಲೂ 4 ಮಿಲಿಆಂಪ್ ಹರಿಯುತ್ತಲೇ ಇರಬೇಕು. ಕರೆಂಟೇ ಇಲ್ಲ ಅಂದರೆ ವೈರ್ ಕಡಿದಿದೆ ಅಂತಲೇ ಅರ್ಥ. ಅವು ಬಾಯಿಬಿಟ್ಟು ‘ಗೊತ್ತಿಲ್ಲ’ ಅನ್ನುತ್ತವೆ. ಕೊಳ್ಳುವುದು ನಿನ್ನ ಕೈಯಲ್ಲಿದ್ದರೆ ಅದನ್ನೇ ಕೊಳ್ಳು. 250 ಓಮಿನ ರೆಸಿಸ್ಟರ್ ಹಾಕಿದರೆ ಅದೇ 1ರಿಂದ 5 ವೋಲ್ಟ್ ಸಿಗುತ್ತದೆ. ಆದರೆ ರೆಸಿಸ್ಟರನ್ನು ದೂರದ ಪ್ಯಾನೆಲಿನಲ್ಲಿ ಹಾಕಬೇಡ, ಮಾಡ್ಯೂಲಿನ ಸ್ಕ್ರೂಗಳಿಗೇ ಅಡ್ಡಲಾಗಿ ಕೂರಿಸು. ಆಗ ಅತ್ತ ಎಲ್ಲೇ ವೈರ್ ಹೋದರೂ ಇತ್ತ ಆ ರೆಸಿಸ್ಟರ್ ಇನ್‌ಪುಟ್ಟನ್ನು ಸೊನ್ನೆಗೆ ಎಳೆದು ಹಿಡಿಯುತ್ತದೆ. ಪ್ರೋಗ್ರಾಮಿನಲ್ಲೂ 1 ವೋಲ್ಟಿಗಿಂತ ತೀರಾ ಕೆಳಗೆ ಹೋದರೆ ‘ಸಿಗ್ನಲ್ ಇಲ್ಲ’ ಅಂತ ಬರೆಸು. ಮೈನಸ್ 2.5 ಬಾರ್ ಅಂತ ಗ್ರಾಫ್ ಎಳೆದು ಸಾಹೇಬರ ಮುಂದೆ ಇಡಬೇಡ.

ಇನ್‌ಸ್ಟಾಲ್ ಮಾಡುವುದು ದೊಡ್ಡ ವಿಷಯವಲ್ಲ. ಮೊದಲು ಡ್ರೈವರ್, ಆಮೇಲೆ ಯುಎಸ್‌ಬಿ ಕೇಬಲ್, ಈ ಕ್ರಮ ತಪ್ಪಿಸಬೇಡ. ಎನ್‌ಐ-ಡಿಎಕ್ಯುಎಂಎಕ್ಸ್ ಡ್ರೈವರ್ ಭಾರಿ ಗಾತ್ರದ್ದು, ನೆಟ್ ನಿಧಾನವಿದ್ದರೆ ಹಿಂದಿನ ದಿನವೇ ಇಳಿಸಿಟ್ಟುಕೋ. ಕೇಬಲ್ ಚುಚ್ಚಿದ ಮೇಲೆ ಮಾಡ್ಯೂಲಿನ ಹಸಿರು ದೀಪ ಮಿಣುಕಬೇಕು, ಎನ್‌ಐ ಮ್ಯಾಕ್ಸ್ ತೆರೆದರೆ ಡೆವ್1 ಅಂತ ಹೆಸರು ಕಾಣಬೇಕು. ಸೆಲ್ಫ್ ಟೆಸ್ಟ್ ಪಾಸಾಯಿತು ಅಂತ ಬೀಗಬೇಡ. ಡಬ್ಬಿ ಬದುಕಿದೆ ಅಂತಷ್ಟೇ ಅದರ ಅರ್ಥ, ನಿನ್ನ ವೈರಿಂಗ್ ಬಗ್ಗೆ ಅದಕ್ಕೇನೂ ತಿಳಿಯದು. ಲ್ಯಾಬ್‌ವ್ಯೂ ಬಾರದಿದ್ದರೆ ಚಿಂತೆಯಿಲ್ಲ, ಪೈಥಾನಿನಲ್ಲೂ ಇದನ್ನು ಓದಬಹುದು.

ವೈರಿಂಗಿಗೆ ಮಾತ್ರ ಪುರುಸೊತ್ತು ಮಾಡಿಕೊಂಡು ಕೂರು. ಸ್ಕ್ರೂ ಟರ್ಮಿನಲ್‌ಗಳಿಗೆ ಅಂಟಿಸಲು ಹೆಸರಿನ ಸ್ಟಿಕ್ಕರ್‌ಗಳು ಬರುತ್ತವೆ, ಅನಲಾಗ್ ಬದಿಗೆ ಎರಡು ಬಗೆ. ಸಿಂಗಲ್ ಎಂಡೆಡ್ ಆದರೆ ಎಂಟು ಚಾನೆಲ್, ಡಿಫರೆನ್ಷಿಯಲ್ ಆದರೆ ನಾಲ್ಕು. 2ನೇ ಸ್ಕ್ರೂ ಮತ್ತು 3ನೇ ಸ್ಕ್ರೂ ಒಂದು ಬಗೆಯಲ್ಲಿ ಬೇರೆ ಬೇರೆ ಚಾನೆಲ್‌ಗಳು, ಇನ್ನೊಂದು ಬಗೆಯಲ್ಲಿ ಒಂದೇ ಚಾನೆಲ್ಲಿನ ಪ್ಲಸ್ಸು ಮೈನಸ್ಸು. ಯಾರೋ ಸಿಂಗಲ್ ಎಂಡೆಡ್ ಸ್ಟಿಕ್ಕರ್ ಅಂಟಿಸಿ ಅದರಂತೆ ವೈರ್ ಕೊಟ್ಟಿರುತ್ತಾರೆ, ಸಾಫ್ಟ್‌ವೇರಿನಲ್ಲಿ ಮಾತ್ರ ಡಿಫರೆನ್ಷಿಯಲ್ ಎಂದೇ ಉಳಿದಿರುತ್ತದೆ. ಆಗ ಮೈನಸ್ ಸ್ಕ್ರೂ ಗಾಳಿಯಲ್ಲಿ ನೇತಾಡುತ್ತಾ 1.4 ವೋಲ್ಟಿನಲ್ಲಿ ಕೂತಿರುತ್ತದೆ, ಪ್ರತಿ ರೀಡಿಂಗಿನಿಂದಲೂ ಅಷ್ಟು ಕಳೆದುಹೋಗಿರುತ್ತದೆ. ಎಲ್ಲ ರೀಡಿಂಗೂ ಒಂದೇ ಸಮನೆ 1.4 ಕಡಿಮೆ ಬರುತ್ತಿದ್ದರೆ ಸೆನ್ಸರನ್ನು ಬೈಯಬೇಡ, ಸೆಟ್ಟಿಂಗ್ ನೋಡು.

ಇನ್‌ಪುಟ್ ರೆಸಿಸ್ಟೆನ್ಸ್ 144 ಕಿಲೋಓಮ್ ಅಂತ ಡೇಟಾಶೀಟಿನ ಒಂದು ಸಾಲಿನಲ್ಲಿ ಸುಮ್ಮನೆ ಬರೆದಿರುತ್ತಾರೆ. ಮಲ್ಟಿಮೀಟರಿನದು ಸಾಮಾನ್ಯವಾಗಿ 10 ಮೆಗಾಓಮ್. ಈ ವ್ಯತ್ಯಾಸ ಎಲ್ಲಿ ಕಚ್ಚುತ್ತದೆ ನೋಡು. 100 ಕಿಲೋಓಮಿನ ಥರ್ಮಿಸ್ಟರನ್ನು ಅಷ್ಟೇ ಬೆಲೆಯ ರೆಸಿಸ್ಟರ್ ಜೊತೆ 5 ವೋಲ್ಟಿಗೆ ಸೇರಿಸಿದ್ದೀಯ. 25 ಡಿಗ್ರಿಯಲ್ಲಿ ನಡುವೆ 2.5 ವೋಲ್ಟ್ ಇರಬೇಕು. ಮಲ್ಟಿಮೀಟರ್ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತದೆ. ಅದೇ ಜಾಗಕ್ಕೆ ಮಾಡ್ಯೂಲ್ ಜೋಡಿಸಿದರೆ ಸುಮಾರು 2.2ಕ್ಕೆ ಕುಸಿಯುತ್ತದೆ. ಓದುವ ನೆಪದಲ್ಲಿ ಡಬ್ಬಿಯೇ ಸರ್ಕ್ಯೂಟಿನಿಂದ ಕರೆಂಟ್ ಎಳೆದುಕೊಂಡಿರುತ್ತದೆ. ಇಂಥ ಕಡೆ ನಡುವೆ ಒಂದು ಆಪ್‌ಆಂಪ್ ಬಫರ್ ಹಾಕು, ಇಲ್ಲವೇ 10 ಕಿಲೋಓಮಿಗಿಂತ ಕಡಿಮೆಯ ಸೆನ್ಸರ್ ಆರಿಸು.

ಇನ್ನು ಬಿಟ್‌ಗಳ ಜಂಬ. 14 ಬಿಟ್ ಅಂತ ಹೆಸರು, ಅದು ಡಿಫರೆನ್ಷಿಯಲ್‌ಗೆ ಮಾತ್ರ, ಸಿಂಗಲ್ ಎಂಡೆಡ್‌ಗೆ 13. ಸಿಂಗಲ್ ಎಂಡೆಡ್‌ನಲ್ಲಿ ರೇಂಜೂ ಒಂದೇ, ಪ್ಲಸ್ ಮೈನಸ್ 10 ವೋಲ್ಟ್. 20 ವೋಲ್ಟನ್ನು 8192ರಿಂದ ಭಾಗಿಸು, ಒಂದು ಮೆಟ್ಟಿಲಿಗೆ 2.4 ಮಿಲಿವೋಲ್ಟ್. ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಎಲ್‌ಎಂ35ಕ್ಕೆ ಇದು ಧಾರಾಳ. ಆದರೆ ಕೆ ಟೈಪ್ ಥರ್ಮೋಕಪಲ್ ಕೊಡುವುದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅದನ್ನು ನೇರ ಜೋಡಿಸಿದರೆ ಒಂದು ಮೆಟ್ಟಿಲಿಗೆ 60 ಡಿಗ್ರಿ! ಡಿಫರೆನ್ಷಿಯಲ್ ಮಾಡಿ 1 ವೋಲ್ಟ್ ರೇಂಜಿಗೆ ಇಳಿಸಿದರೆ ಮೆಟ್ಟಿಲು 3 ಡಿಗ್ರಿಗೆ ಬರುತ್ತದೆ. ಅಲ್ಲಿ ಮಾಡ್ಯೂಲಿನ ಸ್ವಂತ ನಾಯ್ಸೇ ಅರ್ಧ ಮಿಲಿವೋಲ್ಟ್, ಅಂದರೆ 12 ಡಿಗ್ರಿ. ಥರ್ಮೋಕಪಲ್ಲಿಗೆ ಎಡಿ595ರಂಥ ಆಂಪ್ಲಿಫೈಯರ್ ಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಬೇರೆ ಮಾಡ್ಯೂಲ್ ಬೇಕು. ಸಾಫ್ಟ್‌ವೇರಿನಲ್ಲಿ ದಶಾಂಶದ ಮುಂದೆ ನಾಲ್ಕು ಸ್ಥಾನ ತೋರಿಸಿದ ಮಾತ್ರಕ್ಕೆ ಸೆನ್ಸರಿಗೆ ಜಾಣತನ ಬಂದುಬಿಡುವುದಿಲ್ಲ.

ಪಂಪಿನ ಬೆಂಚಿನಲ್ಲಿ ನಿನ್ನನ್ನು ನಿಜವಾಗಿ ಕಾಡುವುದು ಸ್ಯಾಂಪ್ಲಿಂಗ್. ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24. ಬೇರಿಂಗ್ ಮೇಲೆ ಕೂರಿಸಿದ ಕಂಪನದ ಸೆನ್ಸರನ್ನು ನೀನು ಸೆಕೆಂಡಿಗೆ 25 ಸಲ ಓದಿದೆ ಅನ್ನು. ಪ್ರತಿ ಸಲ ಓದುವಾಗಲೂ ಶಾಫ್ಟು ಇನ್ನೇನು ಒಂದು ಸುತ್ತು ಮುಗಿಸುವುದರಲ್ಲಿರುತ್ತದೆ, ಹಾಗಾಗಿ ಗ್ರಾಫಿನಲ್ಲಿ ಸೆಕೆಂಡಿಗೊಮ್ಮೆ ನಿಧಾನ ತೂಗುವ ಅಲೆ ಕಾಣುತ್ತದೆ. ಆ ಒಂದು ಹರ್ಟ್ಸ್ ಪಂಪಿನಲ್ಲಿ ಎಲ್ಲೂ ಇಲ್ಲ. ಫೌಂಡೇಶನ್ ಸಡಿಲ, ಪೈಪು ಅಲುಗಾಡುತ್ತಿದೆ ಅಂತ ಬೋಲ್ಟು ಬಿಗಿಯಲು ಹೊರಟೀಯ, ಜೋಕೆ. ಒಮ್ಮೆ ಹೀಗೆ ವೇಷ ಹಾಕಿ ಒಳಬಂದ ಅಲೆಯನ್ನು ಆಮೇಲೆ ಯಾವ ಫಿಲ್ಟರಿನಿಂದಲೂ ಬೇರ್ಪಡಿಸಲಾಗದು. ಈ ದರ್ಜೆಯ ಮಾಡ್ಯೂಲುಗಳಲ್ಲಿ ಅದನ್ನು ತಡೆಯುವ ಫಿಲ್ಟರ್ ಒಳಗೆ ಇರುವುದಿಲ್ಲ, ನೀನೇ ಹೊರಗೆ ಹಾಕಬೇಕು. 1 ಕಿಲೋಓಮ್, 1 ಮೈಕ್ರೋಫ್ಯಾರಡ್ ಸೇರಿಸಿದರೆ ಸುಮಾರು 160 ಹರ್ಟ್ಸಿನ ಮೇಲಿನವು ಸೊರಗತೊಡಗುತ್ತವೆ.

ಹೊಸ ಸಿಗ್ನಲ್ ಯಾವುದೇ ಇರಲಿ, ಮೊದಲು ಸಾಧ್ಯವಾದಷ್ಟು ವೇಗವಾಗಿ ಓದಿ ಅದರಲ್ಲಿ ಏನೇನಿದೆ ನೋಡು. ನಿಧಾನ ಮಾಡುವುದು ಆಮೇಲಿನ ಮಾತು. ನೆನಪಿರಲಿ, ಸೆಕೆಂಡಿಗೆ 48,000 ಸ್ಯಾಂಪಲ್ ಅನ್ನುವುದು ಎಲ್ಲ ಚಾನೆಲ್‌ಗಳ ಒಟ್ಟು ಲೆಕ್ಕ. ನಾಲ್ಕು ಚಾನೆಲ್ ತೆರೆದರೆ ತಲಾ 12,000. ತಾಪದಂಥ ನಿಧಾನದ ಸಿಗ್ನಲ್ಲಿನಲ್ಲಿ ನಮ್ಮ ಕರೆಂಟಿನ 50 ಹರ್ಟ್ಸ್ ನುಸುಳಿದ್ದರೆ, ಸೆಕೆಂಡಿಗೆ 1000 ಸಲ ಓದಿ ನೂರು ನೂರರ ಸರಾಸರಿ ತೆಗೆ. ನೂರು ಅಂದರೆ 50 ಹರ್ಟ್ಸಿನ ಸರಿಯಾಗಿ ಐದು ಸುತ್ತು, ಏರಿದ್ದಷ್ಟೂ ಇಳಿದು ವಜಾ ಆಗುತ್ತದೆ. ಮನಸ್ಸಿಗೆ ಬಂದಂತೆ 73ರ ಸರಾಸರಿ ತೆಗೆದರೆ ಅಷ್ಟು ಸಲೀಸಾಗಿ ಹೋಗದು. ವೇಗದ ಕೆಲಸಕ್ಕೆ ಮಾಡ್ಯೂಲಿನ ಗಡಿಯಾರವನ್ನೇ ನಂಬು. ಲೂಪಿನಲ್ಲಿ ಒಂದೊಂದೇ ಸ್ಯಾಂಪಲ್ ಕೇಳುತ್ತಾ ಕೂತರೆ ವಿಂಡೋಸ್ ತನಗೆ ಬಿಡುವಾದಾಗ ಕೊಡುತ್ತದೆ. ಮೈನಸ್ 200279 ಎಂಬ ಎರರ್ ಬಂದರೆ ಗಾಬರಿ ಬೇಡ, ಬಫರ್ ತುಂಬುವ ವೇಗಕ್ಕೆ ನಿನ್ನ ಪ್ರೋಗ್ರಾಂ ಖಾಲಿ ಮಾಡುತ್ತಿಲ್ಲ ಅಂತ ದೂರು ಅದು. ಒಂದು ಸಲಕ್ಕೆ ಹೆಚ್ಚು ಸ್ಯಾಂಪಲ್ ಎತ್ತಿಕೋ.

230 ವೋಲ್ಟನ್ನು ಯಾವ ಡಿವೈಡರ್ ಹಾಕಿಯೂ ಇದರ ಹತ್ತಿರ ತರಬೇಡ. ಇದರ ಗ್ರೌಂಡೂ ಲ್ಯಾಪ್‌ಟಾಪಿನ ಗ್ರೌಂಡೂ ಒಂದೇ, ನಡುವೆ ಐಸೊಲೇಷನ್ ಇಲ್ಲ. ಮೋಟಾರಿನ ಕರೆಂಟ್ ಬೇಕಿದ್ದರೆ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಹಾಕು. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆಯಿಲ್ಲ.

ರಿಲೇ ಓಡಿಸುವ ಆಸೆ ಬಂದೇ ಬರುತ್ತದೆ, ಹನ್ನೆರಡು ಡಿಜಿಟಲ್ ಲೈನ್‌ಗಳು ಕಣ್ಣೆದುರಿಗೇ ಇವೆಯಲ್ಲ. ಅಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಲೈನಿಗೂ ಒಳಗಿನಿಂದ 4.7 ಕಿಲೋಓಮಿನ ರೆಸಿಸ್ಟರ್ 5 ವೋಲ್ಟಿಗೆ ಎಳೆದು ಕಟ್ಟಿದೆ. ಕೇಬಲ್ ಚುಚ್ಚಿದ ಕೂಡಲೇ, ನಿನ್ನ ಪ್ರೋಗ್ರಾಂ ಇನ್ನೂ ಕಣ್ಣು ಬಿಡುವ ಮೊದಲೇ, ಲೈನು ಮೇಲಿರುತ್ತದೆ. ಯುಎಲ್‌ಎನ್2003 ಚಿಪ್ ಹಾಕಿ ಹೀಟರಿನ ರಿಲೇ ಜೋಡಿಸಿದ್ದರೆ ಆ ಕ್ಷಣಕ್ಕೇ ಹೀಟರ್ ಆನ್. ಲೈನು ಕೆಳಗಿಳಿದರೆ ಮಾತ್ರ ರಿಲೇ ಎಳೆಯುವಂತೆ ಸರ್ಕ್ಯೂಟ್ ಮಾಡು. ಹೀಟರಿಗೆ ಈ ಡಬ್ಬಿಯ ಹಂಗಿಲ್ಲದ ಥರ್ಮೋಸ್ಟಾಟ್ ಕೂಡ ಇರಲಿ.

ಎಲ್ಲ ಜೋಡಿಸಿ ಆದ ಮೇಲೆ ಪಂಪು ಸ್ಟಾರ್ಟ್ ಮಾಡುವ ಆತುರ ಬೇಡ. ಮೊದಲು ನಿನಗೆ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳು. ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿದರೆ ಸೊನ್ನೆ ಬರುತ್ತದಾ? ಪೆನ್‌ಟಾರ್ಚಿನ ಸೆಲ್ ಜೋಡಿಸಿದರೆ ಮಲ್ಟಿಮೀಟರ್ ಹೇಳಿದ್ದೇ ಬರುತ್ತದಾ? 30ನೇ ಸ್ಕ್ರೂನಲ್ಲಿ 2.5 ವೋಲ್ಟ್ ಇದೆ, ಅದರಿಂದ ಒಂದು ತುಂಡು ವೈರ್ ಎಳೆದು ನೋಡಬಹುದು. ಆದರೆ ಒಳಗಿನ ಎಡಿಸಿ ಅಳತೆಗೆ ಇಟ್ಟುಕೊಂಡಿರುವುದೂ ಅದೇ ರೆಫರೆನ್ಸನ್ನು, ಹಾಗಾಗಿ ಅದು ತನ್ನ ಕೇಸಿಗೆ ತಾನೇ ಸಾಕ್ಷಿ ಹೇಳಿದಂತೆ. ವೈರಿಂಗ್ ನೋಡಲು ಸಾಕು, ನಿಖರತೆ ನೋಡಲು ಸಾಲದು.

ತಾಪಕ್ಕೆ ಐಸ್ ನೀರು, ಕುದಿಯುವ ನೀರು. ಐಸನ್ನು ಪುಡಿಮಾಡಿ ನೀರಿನಲ್ಲಿ ಕಲಕುತ್ತಾ ಇದ್ದರೆ ಸೊನ್ನೆ ಸಿಗುತ್ತದೆ. ಕುದಿಯುವ ನೀರು ಮಾತ್ರ ಊರು ನೋಡಿ ಮಾತಾಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರಿನಲ್ಲಾದರೆ 100. ಪುಸ್ತಕದಲ್ಲಿ 100 ಅಂತ ಓದಿ, ಸರಿಯಾಗಿ 97 ತೋರಿಸುತ್ತಿದ್ದ ಸೆನ್ಸರಿಗೆ ಸಾಫ್ಟ್‌ವೇರಿನಲ್ಲಿ ಮೂರು ಡಿಗ್ರಿ ಸೇರಿಸಿ ‘ಕ್ಯಾಲಿಬ್ರೇಷನ್ ಆಯಿತು’ ಅನ್ನುವ ಪೈಕಿ ನೀನಾಗಬೇಡ.

ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ಇಷ್ಟು ದುಬಾರಿ ಡಬ್ಬಿಯೇ ಬೇಕಿಲ್ಲ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್‌ನ ಫೀನಿಕ್ಸ್ ಯೋಜನೆಯಿಂದ ಬಂದ ಎಕ್ಸ್‌ಪ್‌ಐಸ್ ಅಂತ ಒಂದು ಯುಎಸ್‌ಬಿ ಸಾಧನ ಇದೆ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಗಳಿಗೆಂದು ನಮ್ಮವರೇ ಮಾಡಿದ್ದು, ಸಾಫ್ಟ್‌ವೇರ್ ಪುಕ್ಕಟೆ, ಪೈಥಾನಿನಲ್ಲಿ ಮಾತಾಡಿಸಬಹುದು. ಮೇಲೆ ಹೇಳಿದ ತರಲೆಗಳನ್ನೆಲ್ಲ ಅದರ ಮೇಲೂ ಕಲಿಯಬಹುದು.

ರಾತ್ರಿಯಿಡೀ ಓಡಿಸುವ ಟೆಸ್ಟ್ ಇದ್ದರೆ ವಿಂಡೋಸಿನ ಸ್ಲೀಪ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್, ತಾನಾಗಿ ರೀಸ್ಟಾರ್ಟ್ ಆಗುವ ಅಪ್‌ಡೇಟ್, ಮೂರನ್ನೂ ಮೊದಲೇ ನಿಲ್ಲಿಸು. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರ್ ಮಿತಿ. ದೂರ ಹೋಗಬೇಕಿದ್ದರೆ ಸೆನ್ಸರಿನ ವೈರ್ ಉದ್ದ ಮಾಡು, ಅದಕ್ಕೂ 4–20 ಮಿಲಿಆಂಪೇ ಸರಿ. ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯ ಕೇಬಲ್ಲಿನ ಪಕ್ಕದಲ್ಲಿ ಸಿಗ್ನಲ್ ವೈರ್ ಓಡಿಸಬೇಡ. ಗ್ರಾಫಿನಲ್ಲಿ ಜೊಂಪೆಜೊಂಪೆಯಾಗಿ ನಾಯ್ಸ್ ಕಂಡರೆ ಒಮ್ಮೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡು, ತಗ್ಗಿದರೆ ಗ್ರೌಂಡಿನ ದಾರಿ ಹುಡುಕು.

ಫೈಲಿನಲ್ಲಿ ಬಾರ್, ಡಿಗ್ರಿ ಜೊತೆಗೆ ಮಾಡ್ಯೂಲ್ ಕೊಟ್ಟ ಹಸಿ ವೋಲ್ಟೇಜಿಗೂ ಒಂದು ಕಾಲಂ ಇಡು. ಮೊದಲ ಸಾಲುಗಳಲ್ಲಿ ಮಾಡ್ಯೂಲಿನ ಸೀರಿಯಲ್ ನಂಬರ್, ಯಾವ ಸ್ಕ್ರೂಗೆ ಯಾವ ಸೆನ್ಸರ್, ರೇಂಜ್ ಎಷ್ಟು, ಲೆಕ್ಕಕ್ಕೆ ಬಳಸಿದ ಸೂತ್ರ ಯಾವುದು ಅಂತ ಬರೆಸು. ಮುಂದೊಂದು ದಿನ ಅಳೆದು ನೋಡಿದಾಗ ಆ 250 ಓಮ್ ರೆಸಿಸ್ಟರ್ 243 ಅಂತ ತಿಳಿದರೆ, ಹಸಿ ವೋಲ್ಟೇಜ್ ಇದ್ದವಳು ಹಳೆಯ ಫೈಲುಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಳ್ಳುತ್ತಾಳೆ. ಬರೀ ಬಾರ್ ಇಟ್ಟುಕೊಂಡು ಯಾವ ಸೂತ್ರದಿಂದ ಬಂತು ಅಂತ ಮರೆತವಳು ಪಂಪುಗಳನ್ನೆಲ್ಲ ಮತ್ತೆ ಬೆಂಚಿಗೆ ಏರಿಸಬೇಕಾಗುತ್ತದೆ.