ಸಿಡಿಲು ಮತ್ತು ಸರ್ಜ್: ಯಂತ್ರೋಪಕರಣಗಳ ರಕ್ಷಣೆಗೆ ಒಂದೇ ಭೂಸಂಪರ್ಕ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರ ಜೂನ್ ತಿಂಗಳಿನಲ್ಲಿ ಸುಮಾರು 92 ಮೈಲಿ ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಆದರೆ ಬಯಲಿನಲ್ಲಿ ಹಾದುಬರುವ ತಂತಿಯು ವಿದ್ಯುತ್ತಿನೊಡನೆ ಸಿಡಿಲಿನ ಆಘಾತವನ್ನೂ ಹೊತ್ತು ತರಬಲ್ಲದು. ಭಾರಿ ಮೋಟಾರು ಒಂದಿಷ್ಟು ತಾಳಿಕೊಳ್ಳುವ ಆಘಾತವನ್ನು ಇಂದಿನ ವೇ ಬ್ರಿಡ್ಜ್, ಬಿಲ್ಲಿಂಗ್ ಕಂಪ್ಯೂಟರ್, ಸಿ.ಸಿ. ಕ್ಯಾಮೆರಾ ಹಾಗೂ ಯಂತ್ರಗಳ ನಿಯಂತ್ರಣ ಫಲಕಗಳು ತಾಳಲಾರವು. ಮಾಲೂರಿನ ಹೆಂಚು-ಇಟ್ಟಿಗೆ ಕಾರ್ಖಾನೆಯಿಂದ ಶ್ರೀನಿವಾಸಪುರದ ಮಾವಿನ ಮಂಡಿಯವರೆಗೆ ಎಲ್ಲ ಉದ್ಯಮಿಗಳಿಗೂ ಇದು ಸಂಬಂಧಿಸಿದ ವಿಷಯವಾಗಿದೆ.

ಹಾನಿ ಉಂಟಾಗುವ ಬಗೆ

ಸಿಡಿಲಿನ ಪ್ರವಾಹವು ಸಾಮಾನ್ಯವಾಗಿ 30,000 ಆಂಪಿಯರ್‌ನ ಆಸುಪಾಸಿನಲ್ಲಿದ್ದು, ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಶಿಖರ ಮುಟ್ಟುತ್ತದೆ. ಅದು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ಸಮೀಪದಲ್ಲಿ ಎರಗಿದರೂ ವಿದ್ಯುತ್ ಹಾಗೂ ದೂರವಾಣಿ ತಂತಿಗಳಲ್ಲಿ ಕ್ಷಣಕಾಲ ಸಾವಿರಾರು ವೋಲ್ಟ್ ಉಂಟಾಗಬಹುದು. ಇದನ್ನೇ ಸರ್ಜ್ ಎನ್ನುತ್ತಾರೆ. ಫ್ಯೂಸ್, ಎಂ.ಸಿ.ಬಿ. ಮತ್ತು ಸ್ಟೆಬಿಲೈಜರ್‌ಗಳು ಕೆಲಸ ಆರಂಭಿಸುವ ಮೊದಲೇ ಹಾನಿ ಮುಗಿದಿರುತ್ತದೆ. ಛಾವಣಿಯ ಸಿಡಿಲು ನಿರೋಧಕವು ಕಟ್ಟಡವನ್ನು ಕಾಯುತ್ತದೆಯೇ ಹೊರತು ಒಳಗಿನ ಉಪಕರಣಗಳನ್ನಲ್ಲ.

ಸರ್ಜ್ ರಕ್ಷಕದ ಅಳವಡಿಕೆ

ಸರ್ಜ್ ರಕ್ಷಕದಲ್ಲಿನ ಲೋಹದ ಆಕ್ಸೈಡಿನ ಬಿಲ್ಲೆಯು ಸಾಮಾನ್ಯ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ವೋಲ್ಟೇಜು ಮಿತಿ ಮೀರಿದೊಡನೆ ಅದು ದಾರಿ ತೆರೆದು ಪ್ರವಾಹವನ್ನು ಭೂಮಿಗೆ ಇಳಿಸುತ್ತದೆ. ಛಾವಣಿಯಲ್ಲಿ ಸಿಡಿಲು ನಿರೋಧಕವಿರುವ ಕಟ್ಟಡದ ಮುಖ್ಯ ಪ್ರವೇಶದಲ್ಲಿ ಟೈಪ್ 1, ವಿತರಣಾ ಫಲಕದಲ್ಲಿ ಟೈಪ್ 2, ಸೂಕ್ಷ್ಮ ಉಪಕರಣದ ಬಳಿ ಟೈಪ್ 3 ರಕ್ಷಕ ಇರಬೇಕು.

ಅಳವಡಿಕೆಯಲ್ಲಿ ತಂತಿಯ ಉದ್ದಕ್ಕೆ ಮಹತ್ವವಿದೆ. 10,000 ಆಂಪಿಯರ್‌ನ ಸರ್ಜ್ ಹರಿಯುವಾಗ ಪ್ರತಿ ಮೀಟರ್ ತಂತಿಯಲ್ಲಿ ಸುಮಾರು 1,000 ವೋಲ್ಟ್ ಹೆಚ್ಚುವರಿಯಾಗಿ ಬೀಳುತ್ತದೆ. ಈ ವೋಲ್ಟೇಜು ಉಪಕರಣದ ಮೇಲೆಯೇ ಬರುವುದರಿಂದ, ರಕ್ಷಕದ ಎರಡೂ ಬದಿಯ ತಂತಿ ಸೇರಿ ಅರ್ಧ ಮೀಟರ್ ಮೀರಬಾರದು.

ಎರಡು ಗುಂಡಿಗಳ ಅಪಾಯ

ಅನೇಕ ಕಡೆ ಕಂಪ್ಯೂಟರಿಗೆ "ಶುದ್ಧ" ಭೂಸಂಪರ್ಕ ಬೇಕೆಂದು ಪ್ರತ್ಯೇಕ ಗುಂಡಿ ತೋಡಿಸಿ, ಅದನ್ನು ಮುಖ್ಯ ಗುಂಡಿಗೆ ಸೇರಿಸದೆ ಬಿಡುತ್ತಾರೆ. 5 ಓಮ್ ರೋಧವಿರುವ ಒಂದು ಗುಂಡಿಗೆ 1,000 ಆಂಪಿಯರ್ ಇಳಿದರೆ ಅಲ್ಲಿ 5,000 ವೋಲ್ಟ್ ಏರುತ್ತದೆ. ಇನ್ನೊಂದು ಗುಂಡಿ ಏರದೆ ಉಳಿದರೆ, ಆ ವ್ಯತ್ಯಾಸವು ಎರಡಕ್ಕೂ ತಂತಿ ಹೊಂದಿರುವ ಉಪಕರಣವನ್ನು ಸುಡುತ್ತದೆ. ಅಂಗಳದಲ್ಲಿ ಲೋಡ್ ಸೆಲ್, ಕೋಣೆಯಲ್ಲಿ ಇಂಡಿಕೇಟರ್ ಇರುವ ವೇ ಬ್ರಿಡ್ಜ್ ಇದಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಆದ್ದರಿಂದ ವಿದ್ಯುತ್, ದೂರವಾಣಿ, ಕ್ಯಾಮೆರಾ, ವೇ ಬ್ರಿಡ್ಜ್ ಹಾಗೂ ಸಿಡಿಲು ನಿರೋಧಕಗಳ ಭೂಸಂಪರ್ಕಗಳನ್ನೆಲ್ಲ ಒಂದೇ ಪಟ್ಟಿಗೆ ಜೋಡಿಸಬೇಕು. ಎಲ್ಲವೂ ಒಟ್ಟಿಗೆ ಏರಿದರೆ ವ್ಯತ್ಯಾಸವೂ ಇಲ್ಲ, ಹಾನಿಯೂ ಇಲ್ಲ.

ಕೋಲಾರದಂತಹ ಬರಪೀಡಿತ ಜಿಲ್ಲೆಯಲ್ಲಿ ಅಶ್ವಿನಿ, ಭರಣಿ ಮಳೆಗಳ ಗುಡುಗು ಕೇಳಿಬರುವ ವೇಳೆಗೆ ಬೇಸಿಗೆಯ ನೆಲ ಪೂರ್ತಿ ಒಣಗಿರುತ್ತದೆ. ಒಣನೆಲದಲ್ಲಿ ಭೂರೋಧ ಹೆಚ್ಚುತ್ತದೆ. ಯುಗಾದಿಗೆ ಮೊದಲೇ ಗುಂಡಿಗೆ ನೀರುಣಿಸಿ, ಅರ್ಥ್ ಟೆಸ್ಟರಿನಿಂದ ಅಳತೆ ಮಾಡಿಸುವುದು ಲೇಸು. ಸಿಡಿಲು ರಕ್ಷಣೆಗೆ ರೋಧವು 10 ಓಮ್‌ಗಿಂತ ಕಡಿಮೆ ಇರುವುದು ಅಪೇಕ್ಷಣೀಯ.

ವಿಮೆಯ ಷರತ್ತು

ಅಗ್ನಿ ವಿಮೆಯಲ್ಲಿ ಸಿಡಿಲು ಸೇರಿದೆಯೆಂದು ವರ್ತಕರು ನಿಶ್ಚಿಂತರಾಗಿರುವುದುಂಟು. ಆದರೆ ಪ್ರಮಾಣಿತ ಅಗ್ನಿ ಮತ್ತು ವಿಶೇಷ ಅಪಾಯಗಳ ಪಾಲಿಸಿಯು, ಅತಿವೋಲ್ಟೇಜ್ ಅಥವಾ ಶಾರ್ಟ್ ಸರ್ಕ್ಯೂಟ್‌ನಿಂದ ವಿದ್ಯುತ್ ಉಪಕರಣಕ್ಕೇ ಆಗುವ ಹಾನಿಯನ್ನು, ಅದಕ್ಕೆ ಸಿಡಿಲೇ ಕಾರಣವಾದರೂ, ಹೊರಗಿಡುತ್ತದೆ. ಅಲ್ಲಿಂದ ಬೆಂಕಿ ಹರಡಿ ಸುಟ್ಟ ಇತರ ಸ್ವತ್ತಿಗೆ ಮಾತ್ರ ಪರಿಹಾರ ದೊರೆಯಬಹುದು. ವಿದ್ಯುನ್ಮಾನ ಉಪಕರಣಗಳಿಗೆ ಪ್ರತ್ಯೇಕ ಪಾಲಿಸಿಯ ಅಗತ್ಯವನ್ನು ನವೀಕರಣದ ವೇಳೆ ವಿಚಾರಿಸುವುದು ಒಳ್ಳೆಯದು.

ಗಮನಿಸಬೇಕಾದ ಅಂಶಗಳು

1. ಭೂಸಂಪರ್ಕ ಮತ್ತು ರಕ್ಷಕದ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.

2. ರಕ್ಷಕದ ಸೂಚಕ ಕೆಂಪಾದರೆ ಅದು ಸವೆದಿದೆಯೆಂದರ್ಥ, ತಡಮಾಡದೆ ಬದಲಿಸಬೇಕು.

3. ನ್ಯೂಟ್ರಲ್ ತಂತಿ ಕಡಿದಾಗ ಬಹುಕಾಲ ನಿಲ್ಲುವ ಅತಿವೋಲ್ಟೇಜನ್ನು ಸರ್ಜ್ ರಕ್ಷಕ ತಡೆಯದು. ಅದಕ್ಕೆ ವೋಲ್ಟೇಜ್ ರಿಲೇ ಬೇಕು.

4. ಮೋಡ ಕವಿದು ಗುಡುಗು ಕೇಳುವ ಮೊದಲೇ ಸೂಕ್ಷ್ಮ ಉಪಕರಣಗಳ ಪ್ಲಗ್ಗನ್ನೂ ದತ್ತಾಂಶದ ಕೇಬಲನ್ನೂ ತೆಗೆದಿಡಬೇಕು. ಗುಡುಗು ಆರಂಭವಾದ ಬಳಿಕ ಅವುಗಳನ್ನು ಮುಟ್ಟಬಾರದು.

ದುಬಾರಿ ರಕ್ಷಕ ಕೊಂಡು ಭೂಸಂಪರ್ಕವನ್ನು ಕಡೆಗಣಿಸಿದರೆ ಹಣವೂ ಯಂತ್ರವೂ ನಷ್ಟ. ಮೊದಲು ನೆಲದೊಳಗಿನ ಕೆಲಸ ಸರಿಯಾಗಲಿ. ರಕ್ಷಕದ ಖರೀದಿ ಅನಂತರದ್ದು.